ನಾಲ್ಕು ಸಿಲಿಂಡರು, ಒಂದು ಇಡ್ಲಿ

ನಮ್ಮ ಬಿಲ್ಡಿಂಗಿನ ಗೇಟಿನ ಬಳಿ ದಿನಾ ಬೆಳಿಗ್ಗೆ ತರಕಾರಿಯ ಪಿಕಪ್ ಗಾಡಿಯೊಂದು ಬಂದು ನಿಲ್ಲುತ್ತದೆ. ನಿಲ್ಲುತ್ತದೆ ಎಂದದ್ದು ಅರ್ಧಸತ್ಯ. ಗಾಲಿಗಳು ನಿಲ್ಲುತ್ತವೆ, ಇಂಜಿನ್ನು ನಿಲ್ಲುವುದಿಲ್ಲ. ಡ್ರೈವರ್ ಮಹಾಶಯ ಬದನೆಕಾಯಿ ಇಳಿಸಿ, ವಾಚ್‌ಮನ್ನನ ಯೋಗಕ್ಷೇಮ ವಿಚಾರಿಸಿ, ಒಂದು ಬೀಡಿ ಹಚ್ಚಿ ಮುಗಿಸುವವರೆಗೂ ಅದು ಗಡಗಡ ಎಂದು ತನ್ನ ಪಾಡಿಗೆ ಜಪ ಮಾಡುತ್ತಿರುತ್ತದೆ. ಆ ಜಪದ ಫಲವಾಗಿ ಎರಡನೆಯ ಮಹಡಿಯಲ್ಲಿರುವ ನನ್ನ ಕಿಟಕಿಯ ಕಟ್ಟೆಯ ಮೇಲಿನ ಕಾಫಿ ಲೋಟ ಸಣ್ಣಗೆ ಕುಣಿಯುತ್ತ ಅಂಚಿನತ್ತ ಪ್ರಯಾಣ ಬೆಳೆಸುತ್ತದೆ. ನೆರೆಯವರು ಬೈಯುತ್ತಾರೆ. ನಾನು ಮಾತ್ರ ಲೋಟವನ್ನು ಹಿಡಿದುಕೊಂಡು, ಕಣ್ಣು ಮುಚ್ಚಿ, ಸಂಗೀತ ಕಛೇರಿಯ ಮುಂದಿನ ಸಾಲಿನಲ್ಲಿ ಕುಳಿತ ಅರೆತಿಳಿವಿನ ರಸಿಕನ ಹಾಗೆ ತಲೆದೂಗುತ್ತೇನೆ. ಡೀಸೆಲ್ಲು, ನಾಲ್ಕು ಸಿಲಿಂಡರು, ನಾಲ್ಕೂ ಆರೋಗ್ಯವಾಗಿವೆ.

ಇಷ್ಟರಿಂದಲೇ ನನ್ನನ್ನು ಯಂತ್ರಜ್ಞನೆಂದು ಭಾವಿಸಿ ನಿಮ್ಮ ಸ್ಕೂಟರನ್ನು ನನ್ನ ಬಾಗಿಲಿಗೆ ತರಬೇಡಿ. ಮಿಕ್ಸಿಯ ಪ್ಲಗ್ಗು ಸಡಿಲವಾದರೂ ಮನೆಯವಳನ್ನೇ ಕರೆಯುವ ಜಾತಿಯವನು ನಾನು. ನನಗೆ ಗೊತ್ತಿರುವ ಇಂಜಿನ್ನು ಒಂದೇ, ಮತ್ತು ಅದರ ಪರಿಚಯ ನನಗಾದದ್ದು ಇಡ್ಲಿಯ ಮುಖಾಂತರ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮುಂಬಯಿಯ ಫೋರ್ಟಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ವಾಸ ಜೋಗೇಶ್ವರಿಯಲ್ಲಿ, ಅಕ್ಕ ಭಾವನ ಜೊತೆ. ಭಾವ ವಿಠಲರಾಯರಿಗೆ ಫೋರ್ಟಿನಲ್ಲಿ ಒಂದು ಉಡುಪಿ ಹೋಟೆಲು, ಬಾಂದ್ರಾದಲ್ಲಿ ಅದರ ಕೂಸಿನಂಥ ಇನ್ನೊಂದು. ಫೋರ್ಟಿನ ಹೋಟೆಲಿನ ಅಡಿಗೆಮನೆ ಎಷ್ಟು ಇಕ್ಕಟ್ಟೆಂದರೆ ಭಟ್ಟರು ಒಳಗೆ ಹೋದರೆ ಸಾಂಬಾರಿನ ಕೊಪ್ಪರಿಗೆ ಹೊರಗೆ ಬರಬೇಕು. ಮೇಲಾಗಿ ಮಹಡಿಯ ಮೇಲಿನ ವಕೀಲರು ರುಬ್ಬುವ ಯಂತ್ರದ ಸದ್ದು ಸಹಿಸುತ್ತಿರಲಿಲ್ಲ. ಹಾಗಾಗಿ ಎರಡೂ ಹೋಟೆಲಿನ ಹಿಟ್ಟನ್ನು ಜೋಗೇಶ್ವರಿಯ ಒಂದು ಶೆಡ್ಡಿನಲ್ಲಿ, ಲೇತು ಮಿಷಿನುಗಳ ನೆರೆಯಲ್ಲಿ, ಅಕ್ಕನ ಉಸ್ತುವಾರಿಯಲ್ಲಿ ರುಬ್ಬುವುದು. ಅದು ರಾತ್ರಿಯಿಡೀ ಹುಳಿದು ಉಬ್ಬುವುದು. ಬೆಳಗಿನ ಜಾವ ದೊಡ್ಡ ಅಲ್ಯುಮಿನಿಯಂ ಪಾತ್ರೆಗಳಲ್ಲಿ ಪಿಕಪ್ ಏರಿ ಬಾಂದ್ರಾದಲ್ಲಿ ಸ್ವಲ್ಪ ಇಳಿದು, ಉಳಿದದ್ದು ಫೋರ್ಟು ಸೇರುವುದು. ಅದೇ ಗಾಡಿಯಲ್ಲಿ ಹಿಟ್ಟಿನ ಜೊತೆ ನಾನೂ ಸೇರುತ್ತಿದ್ದೆ. ಲೋಕಲ್ ರೈಲಿನಲ್ಲಿ ಜಜ್ಜಿಸಿಕೊಳ್ಳುವುದು ತಪ್ಪಿತು ನಿಜ, ಆದರೆ ಹುಳಿದ ಉದ್ದಿನ ಪರಿಮಳ ನನ್ನ ಅಂಗಿಯನ್ನು ಬಿಟ್ಟು ಹೋಗಲೇ ಇಲ್ಲ. ನನ್ನ ಕೌಂಟರಿನ ಮುಂದೆ ನಿಂತ ಗಿರಾಕಿಗಳಿಗೆ ಅಕಾಲದಲ್ಲಿ ಹಸಿವಾಗುತ್ತಿತ್ತು.

ಗಾಡಿಯ ಸಾರಥಿ ಬಾಬುಸಾಬ್. ವಿಜಾಪುರದ ಕಡೆಯವರು, ದಖ್ಖನಿಯಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಹೇಳುವವರು. ಅವರ ಹೆಮ್ಮೆಯ ಕೇಂದ್ರಬಿಂದು ಆ ಗಾಡಿಯೇ. ಯಾರೋ ಪರದೇಶದ ಸಾಹೇಬರು ಊರು ಬಿಡುವಾಗ ಮಾರಿಹೋದ ದೊಡ್ಡ ಮೂತಿಯ ಅಮೆರಿಕನ್ ಪಿಕಪ್ಪು, ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್ನು. ಸಿಗ್ನಲಿನಲ್ಲಿ ನಿಂತರೆ ಇಂಜಿನ್ನು ಓಡುತ್ತಿದೆಯೋ ನಿದ್ದೆ ಹೋಗಿದೆಯೋ ತಿಳಿಯದಷ್ಟು ನಯ. ಡ್ರೈವರ್ ಸೀಟಿನ ಮೇಲೆ ಬಾಬುಸಾಬ್ ತಮ್ಮ ತಾಯಿ ಹಳೆ ಸೀರೆ, ಧೋತರಗಳ ತುಂಡು ಕೂಡಿಸಿ ಹೊಲಿದ ದಪ್ಪ ಕೌದಿಯನ್ನು ಮಡಚಿ ಹಾಸಿದ್ದರು. ಅದರ ಮೇಲೆ ಅವರು ಕುಳಿತರೆ ಬಾದಶಹನ ಗತ್ತು. ನಾವು ಪಕ್ಕದವರು ಹರಿದ ರೆಕ್ಸಿನ್ನಿನ ಮೇಲೆ ಪ್ರಜೆಗಳು.

ಹೀಗಿರುವಾಗ ಪೆಟ್ರೋಲಿನ ಬೆಲೆ ಹಾರಿತು. ಆರು ಸಿಲಿಂಡರಿನ ಹೊಟ್ಟೆ ತುಂಬಿಸುವುದು ಹೋಟೆಲಿನವರ ಕೈಗೂ ಆಗದ ಕೆಲಸವಾಯಿತು. "ಇದು ಪೆಟ್ರೋಲ್ ಕುಡಿಯುದಾ ಅಲ್ಲ ಸ್ನಾನ ಮಾಡುದಾ, ಎಂಥ ಕತೆ ಮಾರಾಯಾ" ಎಂದು ಭಾವ ಗೊಣಗತೊಡಗಿದರು. ಆಗ ಮುಂಬಯಿಯಲ್ಲಿ ಇಂಥ ಆನೆಗಳನ್ನು ಸಾಕಿದವರೆಲ್ಲ ಒಂದು ಉಪಾಯ ಕಂಡುಕೊಂಡಿದ್ದರು. ದೇಹ ಅದೇ ಇಟ್ಟುಕೊಂಡು ಹೃದಯ ಮಾತ್ರ ಬದಲಿಸುವುದು. ಪೆಟ್ರೋಲಿನ ದೊಡ್ಡ ಇಂಜಿನ್ನು ತೆಗೆದು ಡೀಸೆಲ್ಲಿನ ಸಣ್ಣದನ್ನು ಕೂರಿಸುವುದು. ನಮ್ಮ ಶೆಡ್ಡಿನ ಹಿಂದಿನ ಗಲ್ಲಿಯಲ್ಲೇ ಈ ಶಸ್ತ್ರಚಿಕಿತ್ಸೆ ನಡೆಯಿತು. ಹೊರಬಂದ ಗಾಡಿಯ ಮೂತಿ ಹಿಂದಿನಂತೆ ಗಜಗಂಭೀರ, ಸದ್ದು ಮಾತ್ರ ಹಿಟ್ಟಿನ ಗಿರಣಿಯದು.

ಬಾಬುಸಾಬ್ ಸೂತಕದ ಮನೆಯವರಂತೆ ಮೂಲೆಯಲ್ಲಿ ಕುಳಿತರು. "ಆರರ ಮ್ಯಾಗ ಕುಂತಾಂವ ನಾಕರ ಮ್ಯಾಗ ಹ್ಯಾಂಗ ಕುಂದ್ರಲ್ರೀ?" ಎಂದರು. ಭಾವ ಗದರಿಸಲಿಲ್ಲ, ಒಂದು ಕಪ್ ಚಹಾ ತರಿಸಿದರು. ಚಹಾ ಮುಗಿದ ಮೇಲೆ ಬಾಬುಸಾಬ್ ಎದ್ದು, ಸೀಟಿನ ಮೇಲಿನ ಕೌದಿಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, "ನಡಸ್ತೀನ್ರಿ. ಖರೇ ಅಂದ್ರ ಇದಕ್ಕ ನನ್ನ ಗಾಡಿ ಅನ್ನಂಗಿಲ್ಲ" ಎಂದು ಹೇಳಿ ಮನೆಗೆ ಹೋದರು. ಮರುದಿನದಿಂದ ಅವರೂ ನನ್ನಂತೆ ಬರಿಯ ರೆಕ್ಸಿನ್ನಿನ ಮೇಲೆ ಕುಳಿತು ಗಾಡಿ ಹೊಡೆದರು, ಮುಖವನ್ನು ಕಿಟಕಿಯ ಆಚೆಗೆ ತಿರುಗಿಸಿಕೊಂಡು.

ಅವರಿಗೆ ಸಾಂತ್ವನ ಹೇಳುವ ಭಾರ ಸಹಜವಾಗಿ ವಿದ್ಯಾವಂತನಾದ ನನ್ನ ಮೇಲೆ ಬಿತ್ತು ಎಂದು ನಾನೇ ನಿರ್ಧರಿಸಿಕೊಂಡೆ. ಸಾಂತಾಕ್ರೂಜ಼್ ದಾಟುತ್ತಿದ್ದಾಗ ಒಂದು ಸಿದ್ಧಾಂತವನ್ನೇ ಮಂಡಿಸಿದೆ. ಆರು ಎಂಬುದು ಅರಿಷಡ್ವರ್ಗದ ಸಂಖ್ಯೆ. ಕಾಮಕ್ರೋಧಾದಿಗಳು ಸೇರಿ ಮನುಷ್ಯನನ್ನೂ ಅವನ ಪೆಟ್ರೋಲನ್ನೂ ಸುಡುತ್ತವೆ. ನಾಲ್ಕಾದರೋ ಪುರುಷಾರ್ಥ. ಇಂಜಿನ್ನು ಗಾಳಿಯನ್ನು ಒಳಗೆಳೆಯುವುದು ಧರ್ಮ, ಅದುಮಿ ಕೂಡಿಡುವುದು ಅರ್ಥ, ಸಿಡಿದು ಉರಿಯುವುದು ಕಾಮ, ಹೊಗೆಯಾಗಿ ಹೊರಗೆ ಹೋಗುವುದು ಮೋಕ್ಷ. ಈ ನಾಲ್ಕು ಕೆಲಸವನ್ನೂ ಪ್ರತಿಯೊಂದು ಸಿಲಿಂಡರೂ ತಾನೇ ಮಾಡುತ್ತದೆ, ಆರಿದ್ದರೂ ಅಷ್ಟೇ ಎಂದು ಆಮೇಲೆ ಮೆಕ್ಯಾನಿಕ್ ತಿಳಿಸಿದಾಗ ನನ್ನ ದರ್ಶನದ ಬುಡವೇ ಅಲುಗಿತು. ಆದರೆ ದರ್ಶನಗಳು ಬುಡವಿಲ್ಲದೆಯೂ ಬಹಳ ಕಾಲ ನಿಲ್ಲುತ್ತವೆ. ಬಾಬುಸಾಬ್ ಮಾತ್ರ ಎಲ್ಲ ಕೇಳಿ, "ಮೋಕ್ಷ ಗೀಕ್ಷ ಇರ್ಲಿ ರಾಯರ, ಇದು ದಾದರ್ ಪೂಲ ಏರಿದ್ರ ಸಾಕ್ರಿ" ಎಂದರು. ಏರಿತು. ಅವಸರವಿಲ್ಲದೆ, ಉಬ್ಬಸವಿಲ್ಲದೆ, ಮೆಟ್ಟಿಲು ಹತ್ತುವ ಗಟ್ಟಿ ಮುದುಕಿಯ ಹಾಗೆ ಸೇತುವೆ ಏರಿತು. ಅವರು ಅದನ್ನು ಗಮನಿಸದವರಂತೆ ಕೆಮ್ಮಿದರು.

ನಿಜವಾದ ವಿಪತ್ತು ಬೇರೆ ಕಡೆಯಿಂದ ಬಂತು. ಫೋರ್ಟಿನ ಇಡ್ಲಿ ಚಪ್ಪಟೆಯಾಗತೊಡಗಿತು. ಬೆಣ್ಣೆಯಂತೆ ಕರಗುತ್ತಿದ್ದ ಇಡ್ಲಿಗೆ ಈಗ ಚಮಚ ಒತ್ತಿದರೆ ಚಮಚವೇ ಯೋಚಿಸುತ್ತಿತ್ತು. ಹೈಕೋರ್ಟಿನ ಗುಮಾಸ್ತರು, ಹಡಗು ಕಂಪನಿಯ ಬಾಬುಗಳು ಮೊದಲು ತಮಾಷೆ ಮಾಡಿದರು, ಆಮೇಲೆ ಎದುರಿನ ಹೋಟೆಲಿಗೆ ಹೋದರು. ಆಶ್ಚರ್ಯವೆಂದರೆ ಅದೇ ಹಿಟ್ಟಿನ ಬಾಂದ್ರಾ ಇಡ್ಲಿ ಮೊದಲಿನಂತೆಯೇ ಅರಳುತ್ತಿತ್ತು. ಆದ್ದರಿಂದ ದೋಷ ಫೋರ್ಟಿನ ಭಟ್ಟರದೇ ಎಂದು ಭಾವ ತೀರ್ಮಾನಿಸಿದರು; ಭಟ್ಟರು ನೀರಿನದೆಂದರು; ನಾನು ಸಮುದ್ರದ ಗಾಳಿಯ ಲವಣಾಂಶದ ಬಗ್ಗೆ ಒಂದು ಕಿರು ಉಪನ್ಯಾಸ ಕೊಟ್ಟೆ. ಬಾಬುಸಾಬ್ ಮಾತ್ರ ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದರು: "ನಾಕ ಸಿಲಿಂಡರಿಂದು ಕಿತಾಪತಿ ಇದು." ಮುನಿದವರ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಇಡ್ಲಿಯಲ್ಲಿ ಕಲ್ಲು ಸಿಕ್ಕಿದ್ದರೂ ಅವರು ಅದನ್ನೇ ಹೇಳುತ್ತಿದ್ದರು ಎಂದು ನಾವು ನಕ್ಕೆವು.

ಕಡೆಗೆ ಅಕ್ಕ ಒಂದು ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿಯ ಹಿಂಭಾಗವನ್ನೇ ಏರಿ ಪಾತ್ರೆಗಳ ನಡುವೆ ಕುಳಿತಳು. ಬಾಂದ್ರಾದವರೆಗೆ ದಾರಿ ಸಲೀಸು, ಹಿಟ್ಟು ಉಬ್ಬಿದಂತೆಯೇ ಇತ್ತಂತೆ. ಮಾಹಿಮ್ ದಾಟಿದ ಮೇಲೆ ಸಿಗ್ನಲುಗಳು ಶುರುವಾದವು, ಗಾಡಿ ನಿಂತಲ್ಲೇ ನಡುಗತೊಡಗಿತು. ಫೋರ್ಟಿನಲ್ಲಿ ಇಳಿದ ಅಕ್ಕ ತಲೆಗೂದಲು ಸರಿಮಾಡಿಕೊಳ್ಳುತ್ತ, "ಓಡುವಾಗ ಎಂಥದ್ದೂ ಆಗುದಿಲ್ಲ. ನಿಂತಾಗ ನಡುಗಿಸಿ ನಡುಗಿಸಿ ಹಿಟ್ಟಿನ ಉಸಿರೇ ತೆಗೀತದೆ" ಎಂದಳು. ರಾತ್ರಿಯೆಲ್ಲ ಹುಳಿದು ಒಳಗೆ ತುಂಬಿಕೊಂಡ ಗಾಳಿ ಒಂದೊಂದು ಸಿಗ್ನಲಿನಲ್ಲಿ ಗುಳ್ಳೆಗುಳ್ಳೆಯಾಗಿ ಹೊರಟುಹೋಗುತ್ತಿತ್ತು. ಲೋಕದ ಯಾವ ಇಂಜಿನಿಯರನೂ ಈ ದೃಷ್ಟಿಯಿಂದ ಇಂಜಿನ್ನನ್ನು ಪರೀಕ್ಷಿಸಿರಲಾರ.

ಬಾಬುಸಾಬ್ ಗೆದ್ದರು. "ನಾ ಹೇಳಿದ್ದಿಲ್ಲೇನ್ರಿ?" ಎಂದು ಮೀಸೆ ತಿರುವಿದರು. ಆದರೆ ಆ ಗೆಲುವಿನ ಬಾಲ ಹಿಡಿದು ಇನ್ನೊಂದು ಸಂಗತಿ ಬಂತು. ಸಿಗ್ನಲಿನಲ್ಲಿ ಇಂಜಿನ್ನು ಆರಿಸಿ ನೋಡಿದರು. ಮತ್ತೆ ಹೊತ್ತಿಸುವಷ್ಟರಲ್ಲಿ ಹಿಂದಿನ ಟ್ಯಾಕ್ಸಿಗಳು ನಮ್ಮ ವಂಶವನ್ನೆಲ್ಲ ಸ್ಮರಿಸಿದವು. ಪಾತ್ರೆಯ ಕೆಳಗೆ ಗೋಣಿತಟ್ಟು ಹಾಕಿದರು. ಅದು ಎರಡೇ ದಿನದಲ್ಲಿ ಹಪ್ಪಳವಾಯಿತು. ಆರು ಸಿಲಿಂಡರನ್ನು ಮತ್ತೆ ತರುವ ಮಾತಿಲ್ಲ. ಭಾವನಿಗೆ ಫೋರ್ಟಿನಲ್ಲಿಯೇ ಒಬ್ಬ ಸ್ನೇಹಿತರ ನೆಲಮಾಳಿಗೆ ಸಿಗುವಂತಿತ್ತು. ಫೋರ್ಟಿನ ಹಿಟ್ಟನ್ನು ಅಲ್ಲೇ ರುಬ್ಬುವುದು, ಬಾಂದ್ರಾದ ಪಾಲನ್ನು ಶೆಡ್ಡಿನಿಂದ ಟ್ಯಾಕ್ಸಿಯಲ್ಲಿ ಕಳಿಸುವುದು, ಪಿಕಪ್ಪನ್ನು ಮಾರಿಬಿಡುವುದು ಎಂದು ನಿಶ್ಚಯವಾಯಿತು. ಗಾಡಿಯೇ ಇಲ್ಲವಾದ ಮೇಲೆ ಡ್ರೈವರು ಯಾಕೆ? ಭಾವ ಇದನ್ನು ಹೇಳುವಾಗ ಬಾಬುಸಾಬರ ಮುಖ ನೋಡಲಿಲ್ಲ. ತಿರುವಿದ ಮೀಸೆಯ ಮೇಲೆ ಬಾಬುಸಾಬರ ಕೈ ಹಾಗೇ ನಿಂತಿತು. ಹೋಟೆಲು ಶುರುವಾದಂದಿನಿಂದ ಒಂದೇ ತಟ್ಟೆಯ ಚಕ್ಕುಲಿ ಮುರಿದು ತಿಂದ ಇಬ್ಬರು ಅವರು. ಬಾಬುಸಾಬ್ ತಮ್ಮ ಮಾತನ್ನು ಸಾಧಿಸಿದ್ದರು, ಅದರಿಂದಲೇ ಅವರ ಕೆಲಸ ಹೋಗುವುದರಲ್ಲಿತ್ತು. ನನಗೆ ನಿಜಕ್ಕೂ ಸಂಕಟವಾಯಿತು, ಆ ವಾರ ಯಾವ ಸಿದ್ಧಾಂತವೂ ಹೊಳೆಯಲಿಲ್ಲ.

ಕೊಳ್ಳುವವನು ಬಂದು ಗಾಡಿ ನೋಡಿಹೋದ ಮರುದಿನವೇ ಮುಂಬಯಿಯ ಮಳೆ ತನ್ನ ಪ್ರತಾಪ ತೋರಿಸಿತು. ಲೋಕಲ್ಲು ನಿಂತಿತ್ತು. ಪರೇಲಿನ ಬಳಿ ರಸ್ತೆ ಕೆರೆಯಾಗಿತ್ತು; ಕಾರುಗಳೂ ಟ್ಯಾಕ್ಸಿಗಳೂ ನೀರು ಕುಡಿದು, ಬಾನೆಟ್ಟು ತೆರೆದುಕೊಂಡು ಅಲ್ಲಲ್ಲೇ ನಿಂತಿದ್ದವು. ಅವುಗಳ ನಡುವೆ ನಮ್ಮ ಹಳೆಯ ಇಂಜಿನ್ನಿನ ಸಾಕ್ಷಾತ್ ದಾಯಾದಿಯಂಥ ಒಂದು ಭಾರಿ ಅಮೆರಿಕನ್ ಕಾರೂ ಇತ್ತು. ಬಾಬುಸಾಬ್ ಮೊದಲನೆಯ ಗೇರಿಗೆ ಹಾಕಿ, ಆಕ್ಸಿಲರೇಟರಿನಿಂದ ಕಾಲು ಎತ್ತದೆ, ನೀರಿಗಿಳಿಸಿದರು. ನಾನು ಬೂಟುಗಳನ್ನು ಎದೆಗವಚಿಕೊಂಡು ಕಾಲು ಮಡಚಿ ಸೀಟಿನ ಮೇಲೆ ಪದ್ಮಾಸನದಲ್ಲಿ ಕುಳಿತೆ. ಡೀಸೆಲ್ಲಿಗೆ ಕಿಡಿ ಬೇಕಿಲ್ಲ, ನೆನೆದು ಕೆಡಲು ಪ್ಲಗ್ಗೂ ಇಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ, ಇಷ್ಟದೇವತೆಗಳನ್ನೆಲ್ಲ ಕರೆದೆ. ನಾಲ್ಕು ಸಿಲಿಂಡರುಗಳು ಒಂದೇ ಲಯದಲ್ಲಿ, ಒಂದು ಅಕ್ಷರವನ್ನೂ ನುಂಗದೆ, ಗಡಗಡ ಎನ್ನುತ್ತ ಆ ಕೆರೆಯನ್ನು ದಾಟಿಸಿದವು. ಆಚೆ ದಡದಲ್ಲಿ ಬಾಬುಸಾಬ್ ಒಮ್ಮೆ ಹಿಂದೆ ನೋಡಿದರು. "ಆರು ಇದ್ದಾವು ನಿಂತಾವ್ರಿ" ಎಂದರು. ಹಿಟ್ಟು ಫೋರ್ಟು ಸೇರಿತು. ಆ ದಿನ ಆ ಬೀದಿಯಲ್ಲಿ ಬಾಗಿಲು ತೆರೆದಿದ್ದು ನಮ್ಮ ಹೋಟೆಲೊಂದೇ. ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದು ತೊಯ್ದು ಬಂದವರು ಚಪ್ಪಟೆ ಇಡ್ಲಿಯನ್ನೇ ಬಿಸಿ ಸಾಂಬಾರಿನಲ್ಲಿ ಮುಳುಗಿಸಿ ತುಟಿಪಿಟಕ್ಕೆನ್ನದೆ ತಿಂದರು.

ಮರುದಿನ ಬೆಳಿಗ್ಗೆ ಶೆಡ್ಡಿನ ಮುಂದೆ ಬಾಬುಸಾಬ್ ಪಾತ್ರೆಗಳನ್ನು ಏರಿಸಲು ಬಿಡಲಿಲ್ಲ. ಕಂಕುಳಿನಿಂದ ಕೌದಿಯನ್ನು ತೆಗೆದು, ಗಾಡಿಯ ಹಿಂಭಾಗದ ತಗಡಿನ ಮೇಲೆ, ಮಗ್ಗುಲಿನ ಸುಕ್ಕು ಕೂಡ ಬಿಡಿಸಿ, ಎರಡು ಪದರ ಮಾಡಿ ಹಾಸಿದರು. ಹಸಿರು ಸೀರೆಯ ತುಂಡು, ಮಾಸಿದ ಧೋತರದ ಅಂಚು, ಯಾರದೋ ಎಳೆಗೂಸಿನ ಅಂಗಿಯ ಚೌಕ ಎಲ್ಲವೂ ಕಂಡವು. ಭಾವ ಬೆರಗಾಗಿ, "ಬಾಬುಸಾಬ್, ಅದು ನಿಮ್ಮ ತಾಯಿಯದ್ದಲ್ವಾ?" ಎಂದರು.

"ಹೌದ್ರಿ. ಕೂಸುಗಳ್ನ ಮಲಗಸಾಕ ಹೊಲಿದಿದ್ಲು. ಹಿಟ್ಟೂ ಮಲಗ್ಲಿ ತಗೋರಿ" ಎಂದರು ಬಾಬುಸಾಬ್. ಆಮೇಲೆ, ಯಾರ ಮುಖವನ್ನೂ ನೋಡದೆ, "ನಮ್ಮ ಗಾಡಿ ನಿಂತಾಗ ಸ್ವಲ್ಪ ನಡಗತೈತಿ" ಎಂದು ಸೇರಿಸಿದರು.

ನಮ್ಮ ಗಾಡಿ ಎಂದದ್ದನ್ನು ಎಲ್ಲರೂ ಕೇಳಿದೆವು, ಕೇಳಿದೆವೆಂದು ಯಾರೂ ತೋರಿಸಿಕೊಳ್ಳಲಿಲ್ಲ. ಅಕ್ಕ ಮಾತ್ರ ಕಣ್ಣಿಗೆ ಹಿಟ್ಟು ಬಿದ್ದಿತೆಂದು ಒಳಗೆ ಹೋದಳು. ಆ ದಿನ ಫೋರ್ಟಿನಲ್ಲಿ ಭಟ್ಟರು ಇಡ್ಲಿ ದಳೆಯ ಮುಚ್ಚಳ ತೆಗೆದು, ಉಬ್ಬಿದ ಇಡ್ಲಿಯನ್ನು ಬೆರಳಿನಿಂದ ಒತ್ತಿ ನೋಡಿ, ಮೊದಲ ತಟ್ಟೆಯನ್ನು ಡ್ರೈವರಿಗೆ ಕಳಿಸಿದರು. ಭಾವ ಕೊಳ್ಳುವವನಿಗೆ ಬರಬೇಡವೆಂದು ಹೇಳಿಕಳಿಸಿದರು. ನಾಲ್ಕು ಸಿಲಿಂಡರಿನ ಆ ಗಾಡಿ ನನ್ನ ಬ್ಯಾಂಕಿನ ಬಡ್ತಿಗಳಿಗಿಂತ ಹೆಚ್ಚು ನಿಯಮಿತವಾಗಿ ಆ ದಶಕವಿಡೀ ಓಡಿತು. ಬಾಬುಸಾಬ್ ಕೊನೆಯವರೆಗೂ ಹರಿದ ರೆಕ್ಸಿನ್ನಿನ ಮೇಲೆಯೇ, ಸ್ಪ್ರಿಂಗು ಚುಚ್ಚಿದಾಗ ದಖ್ಖನಿಯಲ್ಲಿ ಬೈಯುತ್ತ ಕುಳಿತರು. ಕೌದಿ ಹಿಟ್ಟಿನ ಪಾಲಿಗೇ ಉಳಿಯಿತು.

ಶಕ್ತಿ ಎಂದರೇನು, ನಂಬಿಕೆ ಎಂದರೇನು ಎಂದು ಪಂಡಿತರು ಚರ್ಚಿಸುವಾಗ ನನಗೆ ಆ ಕೌದಿಯ ನೆನಪಾಗುತ್ತದೆ. ನಂಬಿಗಸ್ತರೆಲ್ಲ ಸ್ವಲ್ಪ ನಡುಗುತ್ತಾರೆ, ಸದ್ದು ಮಾಡುತ್ತಾರೆ, ಪಕ್ಕದವರ ನೆಮ್ಮದಿ ಕೆಡಿಸುತ್ತಾರೆ. ಅವರನ್ನು ಬದಲಿಸಲು ಹೊರಡುವುದಕ್ಕಿಂತ ಮಧ್ಯೆ ಏನಾದರೂ ಮೆತ್ತಗಿನದನ್ನು ಹಾಸುವುದು ಲೇಸು. ನನ್ನೊಡನೆ ಸಂಸಾರ ಮಾಡಿದವಳು ಇದನ್ನು ನನಗಿಂತ ಮೊದಲೇ ಕಂಡುಕೊಂಡಿರಬೇಕು, ಕೇಳುವ ಧೈರ್ಯ ನನಗಿಲ್ಲ.

ಇವತ್ತೂ ತರಕಾರಿಯ ಪಿಕಪ್ಪು ಬಂತು. ಡ್ರೈವರ್ ಬೀಡಿ ಹಚ್ಚಿದ. ನಾನು ಹೆಗಲ ಮೇಲಿನ ಟವೆಲನ್ನು ನಾಲ್ಕು ಮಡಿಕೆ ಮಾಡಿ ಲೋಟದ ಕೆಳಗೆ ಇಟ್ಟು, ಕೈ ಬಿಟ್ಟು ಕುಳಿತೆ. ಗಾಡಿ ಹೋದ ಮೇಲೆ ನೋಡಿದರೆ ಕಾಫಿಯ ಮೇಲಿನ ನೊರೆ ಇದ್ದ ಹಾಗೇ ಇತ್ತು.