ಸಿದ್ದಗಂಗಮ್ಮನವರ ಕರಡಿಗೆ, ಸೂರ್ಯನ ಕಾಲ್ಗೆಜ್ಜೆ

ಮಿಡಿಗೇಶಿಯ ಬಸ್‌ಸ್ಟ್ಯಾಂಡ್ ಹಿಂದೆ ಹಿಟ್ಟಿನ ಮಿಲ್ಲು ನಡೆಸುವ ಸಿದ್ದಗಂಗಮ್ಮನವರು ಹಾಲಿನವನ ಎದುರೇ ಹಾಲಿಗೆ ಬೆರಳದ್ದಿ ನೋಡುವವರು. ಕಂಡಕ್ಟರ್ ಕೊಟ್ಟ ಟಿಕೆಟ್ಟನ್ನು ತಿರುಗಿಸಿ ನೋಡುತ್ತಾರೆ. ಹಿಂದೆ ಏನೂ ಬರೆದಿರುವುದಿಲ್ಲ. ಅದೇ ಅವರಿಗೆ ಅನುಮಾನ. ನಗುವವರನ್ನು ನಂಬುವುದಿಲ್ಲ, ನಗದವರನ್ನು ಮೊದಲೇ ನಂಬುವುದಿಲ್ಲ. ನಂಬುವುದು ನಗದು ಮಾತ್ರ, ಅದೂ ಬೆಳಕಿಗೆ ಹಿಡಿದು ನೋಡಿ.

ಇಂಥವರು ಅನುಮಾನಿಸದೆ ಬಿಟ್ಟ ಮನುಷ್ಯ ಒಬ್ಬರೇ: ಎದುರು ಸಾಲಿನ ಅಕ್ಕಸಾಲಿ ಕದಿರಯ್ಯ. ತಮ್ಮ ತಾಯಿಯಿಂದ ಬಂದ ಬೆಳ್ಳಿ ಕರಡಿಗೆಯನ್ನು ಪಾಲಿಶ್‌ಗೆ ಕೊಟ್ಟದ್ದೂ ಅವರಿಗೇ. ಕರಡಿಗೆ ಅಂದರೆ ಇಷ್ಟಲಿಂಗವನ್ನಿಟ್ಟು ಕೊರಳಿಗೆ ಹಾಕಿಕೊಳ್ಳುವ ಪುಟ್ಟ ಭರಣಿ. ಬೆಟ್ಟದಿಂದಿಳಿದು ಕಡಲೆಕಾಯಿ ಹೊಲಕ್ಕೆ ನುಗ್ಗುವ ಕರಡಿಗೂ ಅದಕ್ಕೂ ನಂಟಿಲ್ಲ. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಬರಿಯ ಕರಡಿಗೆಯನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಯೇ ಕೊಟ್ಟಿದ್ದರು. ಅದು ಅನುಮಾನವಲ್ಲ, ಅಭ್ಯಾಸ.

ಆ ಭಾನುವಾರ ತಂಗಿಯ ಮಗ ನಾಗಭೂಷಣ್ ಬಂದ. ಪಾವಗಡದ ಸೋಲಾರ್ ಪಾರ್ಕ್‌ನಲ್ಲಿ ಪ್ಯಾನೆಲ್ ತೊಳೆಸುವ ಸೂಪರ್‌ವೈಸರ್.

“ಬೆಳ್ಳಿ ರೇಟು ಯಾಕಿಂಗೆ ಏರ್ತೈತೆ ಗೊತ್ತಾ ದೊಡ್ಡಮ್ಮ? ಪ್ಯಾನೆಲ್ ಮೇಲೆ ಕೂದಲೆಳೆ ಥರ ಗೀಟು ಇರ್ತವಲ್ಲ, ಅವು ಬೆಳ್ಳಿ. ಕರೆಂಟ್ ಎಳ್ಕಂಡು ಹೋಗೋದು ಅವೇ. ಮೊಬೈಲಲ್ಲೂ ಚೂರು ಐತೆ, ಕಾರಲ್ಲೂ ಐತೆ. ಫ್ಯಾಕ್ಟರಿಯೋರು ಸಿಕ್ಕಿದಷ್ಟೂ ಕೊಳ್ತಾವ್ರೆ.”

“ಸೂರ್ಯಂಗೂ ಕಾಲ್ಗೆಜ್ಜೆ ಕಟ್ತಾವ್ರೆ ಅನ್ನು! ಅಷ್ಟೊಂದು ಬೆಳ್ಳಿ ಎಲ್ಲಿಂದ ಬರ್ತದ್ಲಾ?”

“ಗಣಿಯಿಂದ. ಹಳೇದ್ನೂ ಕರಗಿಸ್ತಾರೆ.”

ಹಳೇದು ಎಂಬ ಮಾತು ಸಿದ್ದಗಂಗಮ್ಮನವರ ಕಿವಿಯಲ್ಲಿ ಇರುವೆಯಂತೆ ಹೊಕ್ಕಿತು.

ಎರಡು ದಿನ ಬಿಟ್ಟು ಕರಡಿಗೆ ಫಳಫಳ ಹೊಳೆಯುತ್ತಾ ವಾಪಸ್ ಬಂತು. ಅದೇ ತಕ್ಕಡಿಯಲ್ಲಿ ಆರು ಗ್ರಾಂ ಕಮ್ಮಿ.

“ತೊಳ್ದಿದೀನಿ ಅಷ್ಟೇ ಕಣಮ್ಮ. ಅಂಟುವಾಳದ ನೀರಲ್ಲಿ ನೆನೆಹಾಕಿ…” ಎಂದರು ಕದಿರಯ್ಯ.

“ತೊಳೆದ್ರೆ ಬೆಳ್ಳಿ ಸವೀತದಾ? ನಮ್ಮಮ್ಮನ ಬೆಳ್ಳಿ ಪಾವಗಡದ ಬಿಸಿಲಲ್ಲಿ ಮಲಗೈತೆ ಅನ್ನು!”

ಅಲ್ಲಿಂದ ಮಿಲ್ಲಿಗೆ ಬಂದವರಿಗೆಲ್ಲ ರಾಗಿಯ ಜೊತೆ ಈ ಸುದ್ದಿಯೂ ನುಣ್ಣಗೆ ಬೀಸಿ ಸಿಕ್ಕಿತು. “ಹೆಸರಲ್ಲೇ ‘ಕದಿರಯ್ಯಾ’ ಅಂತ ಹೇಳ್ಕೊಟ್ಟವ್ರೆ, ಕದೀದೆ ಇರ್ತಾನಾ?” ಹೆಂಗಸರು ರಿಪೇರಿಗೆ ಕೊಟ್ಟಿದ್ದ ಕಾಲುಚೈನುಗಳನ್ನು ಅರ್ಧಂಬರ್ಧದಲ್ಲೇ ವಾಪಸ್ ಒಯ್ದರು. ಕುಲುಮೆ ತಣ್ಣಗಾಯಿತು. ಹೀಗೇ ಆದರೆ ಅಂಗಡಿ ಮುಚ್ಚಿ ಸಿರಾದಲ್ಲಿ ಯಾರದೋ ಶೋರೂಮಿನ ಬಾಗಿಲು ಕಾಯಬೇಕು ಎಂದು ಕದಿರಯ್ಯ ಟೀ ಅಂಗಡಿಯಲ್ಲಿ ಹೇಳಿಕೊಂಡರಂತೆ.

ಅಷ್ಟರಲ್ಲಿ ಒಂದು ಬೆಳಗ್ಗೆ ಹಿಂದಿನ ದಿನ ರಾಗಿ ಬೀಸಿಸಿಕೊಂಡು ಹೋಗಿದ್ದ ರಂಗಕ್ಕ ಹಿಟ್ಟಿನ ಡಬ್ಬ ಹೊತ್ತು ಮಿಲ್ಲಿಗೆ ಜಗಳಕ್ಕೆ ಬಂದಳು.

“ಏನಮ್ಮೋ, ಮನೇಲಿ ತೂಗುದ್ರೆ ಹಿಟ್ಟು ಕಮ್ಮಿ! ನಿನ್ ಮಿಲ್ಲಿಗೂ ಹೊಟ್ಟೆ ಐತಾ?”

ಇದಕ್ಕೆ ಸಿದ್ದಗಂಗಮ್ಮನವರ ಉತ್ತರ ವರ್ಷಗಳಿಂದ ಸಿದ್ಧ. “ಒಳಗಡೆ ಮೆತ್ಕಂಡಿರ್ತದೆ ಕಣೆ! ದಿನಾ ಬೀಸ್ತಾ ಬೀಸ್ತಾ ಮೂಲೇಲಿ ಗಟ್ಟಿಯಾಗಿ ಕೂತ್ಕಂತದೆ. ಬಿಚ್ಚಿ ತೊಳೆದ್ರೆ ಸೇರುಗಟ್ಲೆ ಉದುರ್ತದೆ. ನಾನೇನ್ ತಿಂದ್ಬುಟ್ನಾ…”

ಅನ್ನುತ್ತಿದ್ದವರ ಕೈ ಕೊರಳ ಕರಡಿಗೆಗೆ ಹೋಯಿತು.

ಪೂಜೆ ಮುಗಿದ ಮೇಲೆ ಒದ್ದೆ ವಿಭೂತಿ ಹಚ್ಚಿದ ಲಿಂಗವನ್ನು ಹಾಗೇ ಒಳಗಿಟ್ಟು ಮುಚ್ಚುವುದು ಅವರ ತಾಯಿಯ ರೂಢಿ, ಅವರದೂ ಅದೇ. ಎರಡು ತಲೆಮಾರಿನ ವಿಭೂತಿ! ಮುಚ್ಚಳ ತೆಗೆದು ನೋಡಿದರು. ಒಳಗೋಡೆಯಲ್ಲಿ ಸಣ್ಣದೊಂದು ಬಳ್ಳಿಯ ಕೆತ್ತನೆ. ಇಷ್ಟು ವರ್ಷ ವಿಭೂತಿಯಡಿ ಅಡಗಿತ್ತು. ಈಚೆಗೆ ದಿನಾ ತೆರೆಯುತ್ತಿದ್ದರೂ ಆರು ಗ್ರಾಮಿನ ಚಿಂತೆಯಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ.

ಸಂತೆಯ ದಿನ, ಬೀದಿ ತುಂಬ ಜನ ಇರುವುದನ್ನು ನೋಡಿಕೊಂಡೇ, ಬೆಳ್ಳಿ ಚೊಂಬು ಹಿಡಿದು ಕದಿರಯ್ಯನವರ ಅಂಗಡಿ ಹತ್ತಿದರು.

“ವಿಭೂತಿ ಅಂತ ಅವತ್ತೇ ಹೇಳ್ಬಾರ್ದಾಗಿತ್ತಾ?”

“ಹೇಳಕ್ಕೆ ಎಲ್ಲಿ ಬುಟ್ರಿ? ಯಾರೂ ತುಳೀಬಾರ್ದು ಅಂತ ಬಿಲ್ವದ ಬುಡಕ್ಕೆ ಹಾಕಿದೀನಿ.”

ಸಿದ್ದಗಂಗಮ್ಮನವರು ದನಿ ಏರಿಸಿದರು. “ಕದಿರಯ್ಯನ ಕೈ ಚೊಕ್ಕ! ತಪ್ಪು ನಂದು! ಈ ಚೊಂಬು ಪಾಲಿಶ್ ಮಾಡ್ಕೊಡಪ್ಪ, ತೂಕ ಹಾಕಿಸ್ಕಂಡು ಬಂದಿಲ್ಲ!”

ಸೊಪ್ಪು ಕೊಳ್ಳುತ್ತಿದ್ದವರೆಲ್ಲ ತಿರುಗಿ ನೋಡಿದರು. ಕದಿರಯ್ಯ ಚೊಂಬಿನೊಳಗೆ ಬೆರಳಾಡಿಸಿ, ತಕ್ಕಡಿಯನ್ನು ಮುಂದಕ್ಕೆಳೆದುಕೊಂಡರು.

“ನಾನ್ ಹಾಕ್ತೀನಿ ಇರಿ. ಎಷ್ಟು ಬಂತು, ನೀವೇ ಎಲ್ರಿಗೂ ಕೇಳಂಗೆ ಓದಿ.”

“ನನ್ ಮೇಲೆ ಅನುಮಾನಾನಾ?”

“ಮತ್ತೆ? ಒಳಗೆ ಏನೇನ್ ಮೆತ್ಕಂಡೈತೋ ಯಾರಿಗ್ಗೊತ್ತು ಕಣಮ್ಮ.”

ಸಿದ್ದಗಂಗಮ್ಮನವರು ಕನ್ನಡಕ ಸರಿಮಾಡಿಕೊಂಡು ಓದಿದರು. ಹಿಂದೆ ನಿಂತವರಿಗೆ ಕೇಳಿಸಲಿಲ್ಲವೆಂದು ಕದಿರಯ್ಯ ಇನ್ನೊಂದು ಸಲ ಓದಿಸಿದರು.