ಕಾಜಾ ಕತ್ತರಿ

ಮಾಗಡಿ ಕೋಟೆಯ ಹಿಂದಿನ ಬೀದಿಗೆ ರವಿಕೆ ಹೊಲಿಸಲು ಹೋಗುವ ಹೆಂಗಸರು ಒಂದು ವಿಷಯದಲ್ಲಿ ಹುಷಾರಾಗಿರುತ್ತಿದ್ದರು. ಸರಸಮ್ಮನ ಎದುರು ಗಿಣಿಯ ಮಾತೆತ್ತಬಾರದು. ಎತ್ತಿದರೋ, ಮುಗಿಯಿತು. ಮನೆಯಲ್ಲಿ ಸಾರು ಸೀದು ಹೋಗಲಿ, ಬಸ್ಸು ತಪ್ಪಲಿ, ಸರಸಮ್ಮ ಬಿಡುವವಳಲ್ಲ.

“ಬೆಟ್ಟದ್ ಮ್ಯಾಲೆ ತಕ್ಕೊಂಡೋಗಿ ಬಾಗ್ಲು ತೆಗೆದ್ರೂ ಹೋಗಕಿಲ್ಲ ಕಣವ್ವ ಅವು. ಕಟ್ಟಾಕಿಲ್ಲ, ಹೆದರ್ಸಿಲ್ಲ. ಮನಸಿಟ್ಟು ಅವೆ,” ಎನ್ನುವಳು. ಆ ‘ಮನಸಿಟ್ಟು’ ಅನ್ನುವಾಗ ಅವಳ ಮುಖ ನೋಡಬೇಕಿತ್ತು. ಒಡವೆ ತೋರಿಸುವವರ ಮುಖವೂ ಹಾಗೆ ಬೆಳಗುವುದಿಲ್ಲ.

ಗಂಡ ಅನಂತರಾಜು ಲೇಡೀಸ್ ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟ್ಟೆ ಕತ್ತರಿಸುವುದು, ಹೊಲಿಯುವುದು ಅವನದು. ಹೆಮ್ಮಿಂಗು, ಹುಕ್ಕು, ಕಾಜಾ ಅವಳದು. ಗುಂಡಿ ತೂರಲು ಕಾಜಾಕ್ಕೆ ಬಟ್ಟೆ ಸೀಳುವ ಪುಟ್ಟ ಕತ್ತರಿಯೊಂದಿತ್ತು. ಸೀಳುವವನು ಅವನೇ, ಆ ಸೀಳಿನ ಸುತ್ತ ದಾರ ಹಾಕುವವಳು ಇವಳು. ಕತ್ತರಿಯನ್ನು ಮಾತ್ರ ಇವಳು ಮುಟ್ಟುವಂತಿರಲಿಲ್ಲ. ಒಬ್ಬರ ಕೈಗೆ ಪಳಗಿದ ಕತ್ತರಿ ಇನ್ನೊಬ್ಬರ ಕೈ ಸೇರಿದರೆ ಅಲಗು ತಿರುಗುತ್ತದೆ ಎನ್ನುವುದು ಟೈಲರುಗಳ ನಂಬಿಕೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಅದರಲ್ಲಿ ದಾರ ತುಂಡು ಮಾಡಲು ಹೋಗಿ ಬೈಸಿಕೊಂಡವಳು, ಅಲ್ಲಿಂದೀಚೆಗೆ ಹಲ್ಲಲ್ಲೇ ದಾರ ಕಡಿಯುತ್ತಿದ್ದಳು.

ಗಿಣಿಗಳು ಬಂದದ್ದು ಅವಳ ತವರು ಗುಡೇಮಾರನಹಳ್ಳಿಯಿಂದ. ಮಗಳನ್ನು ಕುಣಿಗಲ್ಲಿಗೆ ಕೊಟ್ಟು ಕಳಿಸಿದ ವರ್ಷ, ತವರಿನಲ್ಲಿ ಹಳೆಯ ತೆಂಗಿನ ಮರವೊಂದನ್ನು ಕಡಿಸಿದರು. ಪೊಟರೆಯಲ್ಲಿ ಎರಡು ಮರಿ. ಮೈಮೇಲೆ ಪುಕ್ಕವಿಲ್ಲ, ಕಣ್ಣು ಬಿಟ್ಟಿಲ್ಲ, ನೋಡಿದರೆ ಅಸಹ್ಯವಾಗಬೇಕು. ಸರಸಮ್ಮ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಐಸ್‌ಕ್ರೀಮ್ ಚಮಚದಲ್ಲಿ ತೆಳ್ಳಗಿನ ರಾಗಿ ಅಂಬಲಿ ಕುಡಿಸಿ ಬದುಕಿಸಿದಳು. ಹೆಣ್ಣಿಗೆ, ಮಿಷನ್ನಿನಡಿ ದಾರ ಸುತ್ತುವ ಉರುಳೆಯ ನೆನಪಿಗೆ, ಬಾಬಿನ್ ಎಂದು ಹೆಸರಿಟ್ಟದ್ದು ಅವಳು. ಗಂಡಿಗೆ ಕತ್ತಿನ ಸುತ್ತ ಪಟ್ಟಿ ಮೂಡಿದ ಮೇಲೆ ಕಾಲರ್ ಎಂದು ಕರೆದದ್ದು ಅನಂತರಾಜು. ಟೈಲರ ಮನೆಯಲ್ಲಿ ಇನ್ನೇನು ಹೆಸರು ಹುಟ್ಟೀತು?

ಮಾಗಿಯ ಚಳಿ ಬಿತ್ತೆಂದರೆ ಗಂಡ ಹೆಂಡತಿ ಇಬ್ಬರಿಗೂ ಬೆಟ್ಟದ ಹುಚ್ಚು. ಭಾನುವಾರ ಅಂಗಡಿಗೆ ಬಾಗಿಲು. ಟಿವಿಎಸ್‌ನ ಮುಂದೆ ಪಂಜರ, ಹಿಂದೆ ಸರಸಮ್ಮ, ಅವಳ ತೊಡೆಯ ಮೇಲೆ ಅವರೆಕಾಳು ಉಪ್ಪಿಟ್ಟಿನ ಡಬ್ಬಿ, ಟೀ ಫ್ಲಾಸ್ಕು. ಒಂದು ವಾರ ರಾಮದೇವರ ಬೆಟ್ಟ, ಒಂದು ವಾರ ಕನಕಪುರದ ಕಡೆಯ ಕಬ್ಬಾಳದುರ್ಗ. ದಾರಿಯಲ್ಲಿ ಅನಂತರಾಜು ಮಂಕಿ ಟೋಪಿ ಹಾಕಿಕೊಂಡು ಹಳೆಯ ಹಾಡು ಹೇಳುವನು, ಕಾಲರ್ ಶಿಳ್ಳೆ ಹಾಕುವನು. ಎದುರು ಬಂದ ಬಸ್ಸಿನವರೆಲ್ಲ ಕಿಟಕಿಯಲ್ಲಿ ಕತ್ತು ಹಾಕಿ ನಗುವರು. ಗಂಡ ಹೆಂಡತಿ ಹೀಗೆ ಸುತ್ತುವುದನ್ನು ಕಂಡು ಬೀದಿಯವರು “ಮೊಮ್ಮಕ್ಳಾಗೋ ಹೊತ್ಗೆ ಹನಿಮೂನು” ಎಂದು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಹೊಟ್ಟೆಯುರಿಗೆ ಮದ್ದಿಲ್ಲ.

ಮೊದಲ ವರ್ಷ ಸಾವನದುರ್ಗದ ಬುಡದಲ್ಲಿ ಫಾರೆಸ್ಟ್ ವಾಚರ್ ಕೆಂಚಯ್ಯ ಅಡ್ಡ ಹಾಕಿದ.

“ಅಕ್ಕಯ್ಯ, ನಮ್ ಕಾಡ್ ಗಿಣಿ ಸಾಕೋದು ತಪ್ಪು. ಕೇಸಾಯ್ತದೆ. ಬುಟ್ಬುಡಿ.”

ಸರಸಮ್ಮ ಪಂಜರವನ್ನು ಅವಚಿಕೊಂಡಳು. ಅನಂತರಾಜು ಮಾತ್ರ ಅವಳ ಕೈ ಹಿಡಿದು, “ಆಗ್ಲಿ ಕೆಂಚಯ್ಯ. ಬರೋ ಭಾನ್ವಾರ ಬೆಟ್ಟದ್ ಮ್ಯಾಲೆ ಬಾಗ್ಲು ತೆಗೀತೀವಿ. ಹೋಗೋರು ಹೋಗ್ಲಿ, ಇರೋರು ಇರ್ಲಿ,” ಎಂದ. ಮುಂದಿನ ಭಾನುವಾರ ಅರ್ಧ ಬೆಟ್ಟದ ಚಪ್ಪಟೆ ಬಂಡೆಯ ಮೇಲೆ ಹಾಗೆಯೇ ಮಾಡಿದರು. ಗಂಡ ಬಾಗಿಲು ತೆಗೆಯುವಾಗ ಸರಸಮ್ಮ ಕಣ್ಣು ಮುಚ್ಚಿದಳು. ಅನಂತರಾಜು ಬೆನ್ನು ಸವರುತ್ತ, “ಋಣ ಇದ್ರೆ ಬತ್ತವೆ ಕಣೆ,” ಎಂದ. ಆಮೇಲೆ ಸೀರೆಯ ನೆರಿಗೆ ಹಿಡಿದು ಕೊಕ್ಕಿನಲ್ಲಿ ಜಗ್ಗುತ್ತ ಯಾರೋ ಮೇಲೆ ಹತ್ತುತ್ತಿರುವಂತಾಯಿತು. ಕಣ್ಣು ತೆರೆದರೆ ಒಂದು ಹೆಗಲ ಮೇಲೆ ಕಾಲರ್, ಇನ್ನೊಂದರ ಮೇಲೆ ಬಾಬಿನ್. ಅವಳು ಅತ್ತು, ನಕ್ಕು, ಮತ್ತೆ ಅತ್ತಳು.

ಕೆಳಗಿಳಿದು ಬಂದಾಗ ಕೆಂಚಯ್ಯ ನಂಬಲಿಲ್ಲ. ಸರಸಮ್ಮ ಗುಡಿಯ ಕಡೆ ಕೈ ತೋರಿಸಿ, “ನರಸಿಂಹಸ್ವಾಮಿ ಆಣೆಗೂ ಬಾಗ್ಲು ತೆಗ್ದಿದ್ವಿ ಅಣ್ಣ. ಅವೇ ಹೋಗ್ಲಿಲ್ಲ,” ಎಂದಳು. ಆಣೆ ಇಟ್ಟ ಮೇಲೆ ಅವನೇನು ಮಾಡಿಯಾನು? “ಪ್ರತಿ ವರ್ಸ ತೆಗೀಬೇಕು ಮತ್ತೆ,” ಎಂದು ಬಿಟ್ಟುಬಿಟ್ಟ.

ಹೀಗೆ ಅದು ವ್ರತದಂತಾಯಿತು. ಪ್ರತಿ ಮಾಗಿಯಲ್ಲೂ ಕೊನೆಯ ಭಾನುವಾರ ಸಾವನದುರ್ಗ. ಅದೇ ಬಂಡೆ, ಅದೇ ಭಯ, ಬೆನ್ನ ಮೇಲೆ ಅದೇ ಕೈ. ಕೆಳಗೆ ಕೆಂಚಯ್ಯನ ಎದುರು ಅದೇ ಆಣೆ. ಮಗಳು ಫೋನಿನಲ್ಲಿ, “ಅಮ್ಮ, ನಂಗಿಂತ ಗಿಣಿನೇ ಹೆಚ್ಚಾ?” ಎಂದರೆ ಸರಸಮ್ಮ, “ನೀನು ತಾಳಿ ಕಟ್ಟಿದ್ ತಕ್ಷಣ ಹೋದೆ, ಇವು ಬಾಗ್ಲು ತೆಗೆದ್ರೂ ಹೋಗಲ್ಲ,” ಎಂದು ನಗುವಳು.

ಹೋದ ವರ್ಷ ಸಂಕ್ರಾಂತಿಯ ಹಿಂದಿನ ದಿನ ಮನೆ ಗುಡಿಸಿ ಸಾರಿಸಿ ಮಾಡುವಾಗ, ದಿಂಬಿಗೆ ತುಂಬಲೆಂದು ಅಂಗಡಿಯ ಚಿಂದಿ ಚೀಲ ಸುರಿದಳು. ಅದರ ತಳದಲ್ಲಿ ಹಸಿರು ರವಿಕೆ ಚೂರಿನೊಳಗೆ ಸುತ್ತಿದ ಹಸಿರು ಗರಿಗಳಿದ್ದವು. ಉದುರಿದವಿರಬೇಕು ಎಂದು ಎತ್ತಿಕೊಂಡಳು. ಉದುರಿದ ಗರಿಗಳನ್ನು ಅವಳು ಹಾರ್ಲಿಕ್ಸ್ ಬಾಟಲಿಯಲ್ಲಿ ಕೂಡಿಡುತ್ತಿದ್ದಳು. ಅದಕ್ಕೆ ಹಾಕಲು ಹೋದವಳು ನಿಂತಳು. ಬಾಟಲಿಯ ಗರಿಗಳಿಗೆಲ್ಲ ಬುಡದಲ್ಲಿ ಬಿಳಿ ಚೂಪು ಕಡ್ಡಿ. ಕೈಯಲ್ಲಿದ್ದವಕ್ಕೆ ಬುಡವೇ ಇಲ್ಲ. ನೇರ, ನೀಟಾದ ಕತ್ತರಿ ಗೆರೆ. ಅಂಥ ಗೆರೆ ಎಳೆಯುವ ಕೈ ಈ ಮನೆಯಲ್ಲಿ ಒಂದೇ.

ಕಾಲರನ್ನು ಬೆರಳ ಮೇಲೆ ಕೂರಿಸಿಕೊಂಡು ರೆಕ್ಕೆ ಬಿಡಿಸಿದಳು. ಹೊರಗಡೆಯ ಉದ್ದ ಗರಿಗಳೇನೋ ಇದ್ದವು. ಮಡಿಸಿದರೆ ರೆಕ್ಕೆ ಇಡಿಯಾಗಿಯೇ ಕಾಣುತ್ತಿತ್ತು. ಬಿಡಿಸಿದರೆ ಒಳಗೆಲ್ಲ ಮೋಟು, ಹಲ್ಲು ಮುರಿದ ಬಾಚಣಿಗೆ. ಬಾಬಿನ್ನದೂ ಹಾಗೆಯೇ. ಕರ್ಟನ್ ಕಡ್ಡಿಯಿಂದ ಹೆಗಲಿಗೆ ಜಿಗಿಯುವುದಷ್ಟೇ ಅವುಗಳ ಹಾರಾಟ. “ಮನೇಲಿ ತಿಂದ್ಕಂಡಿರೋ ಗಿಣಿ ಸೋಮಾರಿ ಕಣೆ,” ಎಂದು ಅನಂತರಾಜು ಹೇಳಿದ್ದನ್ನು ಇಷ್ಟು ವರ್ಷ ನಂಬಿದ್ದಳು.

ಅಂಗೈಯಲ್ಲಿ ಗರಿ ಹಿಡಿದುಕೊಂಡು ಮಿಷನ್ ಮುಂದೆ ಹೋಗಿ ನಿಂತಳು.

“ರೀ, ಏನಿದು?”

ಅನಂತರಾಜು ಪೆಡಲ್ ತುಳಿಯುವುದನ್ನು ನಿಲ್ಲಿಸಿದ. ಮತ್ತೆ ತುಳಿದ. “ಉದುರಿರ್ತದೆ ಬುಡು.”

“ಉದುರಿದ್ದಕ್ಕೆ ಬುಡ ಇರ್ತದೆ ಕಣ್ರೀ. ಯಾವಾಗ್ನಿಂದ?”

ಅವನು ಸೂಜಿಯ ಕೆಳಗಿನ ಬಟ್ಟೆ ಎಳೆದುಕೊಂಡ. “ಮೊದ್ಲಿಂದ್ಲೂ,” ಎಂದ.

ಆಮೇಲೆ ಎಲ್ಲ ಹೊರಬಂತು. ಕೆಂಚಯ್ಯನಿಗೆ ಮಾತು ಕೊಟ್ಟ ಆ ವಾರವಿಡೀ ಅವನಿಗೆ ನಿದ್ದೆಯಿರಲಿಲ್ಲವಂತೆ. ಹಾರಿಹೋದರೆ ಇವಳು ಎದೆ ಒಡೆದುಕೊಳ್ಳುತ್ತಾಳೆ ಎಂಬ ಭಯವಂತೆ. ಆಗಷ್ಟೇ ಬಲಿತ ಮರಿ ರೆಕ್ಕೆಗೆ ಒಂದು ಸಲ ಅಂತ ಕತ್ತರಿ ಹಾಕಿದ್ದು. ಮಾರನೆ ವರ್ಷ ಹೊಸ ಗರಿ ಬರುತ್ತಲೇ ಮತ್ತೆ ಮಾಡಿದ, ಆಮೇಲೆ ಪ್ರತಿ ವರ್ಷವೂ. “ನಿನ್ಗೋಸ್ಕರ ಕಣೆ ಸರಸಿ. ಆ ಬಂಡೆ ಮ್ಯಾಲೆ ನಿನ್ ಮುಖ ನೋಡಕ್ಕೋಸ್ಕರ.”

ಸರಸಮ್ಮನಿಗೆ ನೆನಪಾದದ್ದು ಆ ಬಂಡೆಯೇ. ಅವಳು ಕಣ್ಣು ಮುಚ್ಚಿದ್ದಾಗ, ಹೋಗುತ್ತವೋ ಇರುತ್ತವೋ ಎಂದು ಜೀವ ಕೈಯಲ್ಲಿ ಹಿಡಿದು ನಿಂತಿದ್ದಾಗ, ಪಕ್ಕದವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಬೆನ್ನು ಸವರಿದ್ದ. ಋಣದ ಮಾತಾಡಿದ್ದ. ನಂಬಿಸಿ ಕತ್ತು ಕೊಯ್ಯುವುದು ಅನ್ನುತ್ತಾರಲ್ಲ, ಅದು ಹೀಗೇ ಇರುತ್ತದೆ ಎಂದು ಅವಳಿಗೆ ಈಗ ತಿಳಿಯಿತು.

“ನನ್ ಬಾಯಲ್ಲಿ ಸುಳ್ಳಾಣೆ ಇಡ್ಸುದ್ರಿ. ವರ್ಸ ವರ್ಸಾನೂ, ದೇವ್ರ ಮುಂದೆ. ಊರೋರ ಮುಂದೆ ನನ್ನ ಕೋಡಂಗಿ ಮಾಡುದ್ರಿ,” ಎಂದಳು. ಅಳು ಬರಲಿಲ್ಲ. ಟೇಬಲ್ ಮೇಲಿದ್ದ ಕಾಜಾ ಕತ್ತರಿಯನ್ನು ತೆಗೆದುಕೊಂಡು ಬೀಗದ ಕೈಯ ಜೊತೆ ಸೊಂಟಕ್ಕೆ ಸಿಕ್ಕಿಸಿದಳು. ಅಲಗು ತಿರುಗಿದರೆ ತಿರುಗಲಿ. ಅಂದಿನಿಂದ ಅನಂತರಾಜು ಕಾಜಾಗಳನ್ನು ಬ್ಲೇಡಿನಲ್ಲಿ ಸೀಳಿಕೊಂಡ.

ಆ ಮಾಗಿಯಲ್ಲಿ ಸಾವನದುರ್ಗಕ್ಕೆ ಹೋಗಲಿಲ್ಲ. ಆ ವರ್ಷ ಮನೆಯಲ್ಲಿ ಮಾತೆಂದರೆ ಕೆಲಸದ ಮಾತು. ಹುಕ್ಕಾಯ್ತಾ, ಆಯ್ತು. ಊಟ ಬಡಿಸಲಾ, ಬಡಿಸು. ರವಿಕೆಗೆ ಬಂದವರು ಬೇಕೆಂದೇ ಗಿಣಿಯ ಮಾತೆತ್ತಿದರೂ ಸರಸಮ್ಮ ತಲೆ ಎತ್ತಲಿಲ್ಲ. ಒಳಗೊಳಗೆ ಮಾತ್ರ ಒಂದು ಆಸೆ ಇಟ್ಟುಕೊಂಡಿದ್ದಳು. ಗರಿ ಬರಲಿ. ಇಡೀ ರೆಕ್ಕೆ ಬರಲಿ. ಆಗ ಬಾಗಿಲು ತೆಗೆಯುತ್ತೇನೆ. ಹೋದರೆ ಹೋಗಲಿ, ಅತ್ತು ಸುಮ್ಮನಾಗುತ್ತೇನೆ. ಉಳಿದರೆ ನನ್ನವು, ಇವನ ಕತ್ತರಿಯ ಹಂಗಿಲ್ಲದೆ ನನ್ನವು.

ಮಳೆಗಾಲದಲ್ಲಿ ಮೋಟು ಗರಿಗಳು ಬುಡಸಮೇತ ಉದುರಿದವು. ದಸರಾ ಕಳೆಯುವ ಹೊತ್ತಿಗೆ ಹೊಸ ಗರಿ ತುಂಬಿದವು. ರೆಕ್ಕೆ ಬಿಡಿಸಿದರೆ ಬೀಸಣಿಗೆಯಂತೆ ಹರಡಿಕೊಳ್ಳುತ್ತಿತ್ತು. ಬೆಟ್ಟದ ಮೇಲೆ ಬಿಡುವ ದಿನದ ತನಕ ಮಾತ್ರ ಅವನ್ನು ಪಂಜರದಿಂದ ಆಚೆ ಹಾರಲು ಬಿಡಲಿಲ್ಲ.

ಈ ಮಾಗಿಯ ಕೊನೆಯ ಭಾನುವಾರ ಮತ್ತೆ ಸಾವನದುರ್ಗ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಈ ಸಲ ಅನಂತರಾಜು ಋಣದ ಮಾತಾಡಲಿಲ್ಲ. ಸರಸಮ್ಮ ಕಣ್ಣು ಮುಚ್ಚಲಿಲ್ಲ. ತಾನೇ ಬಾಗಿಲು ತೆಗೆದಳು. ಅವರೆ ಹೊಲಗಳ ಕಡೆಗೆ ಗಿಣಿಗಳ ಹಿಂಡೊಂದು ಕಿರುಚುತ್ತ ತಲೆಯ ಮೇಲೆಯೇ ಹಾದುಹೋಯಿತು. ಕಾಲರ್ ಹೊರಬಂದು ಕತ್ತು ಓರೆ ಮಾಡಿ ಮೇಲೆ ನೋಡಿದ. ರೆಕ್ಕೆ ಬಿಚ್ಚಿ ಪಟಪಟ ಬಡಿದ. ಬಂಡೆಯ ಧೂಳು ಎದ್ದಿತು. ಆಮೇಲೆ ರೆಕ್ಕೆ ಮಡಿಸಿ, ಎಂದಿನಂತೆ ಸೀರೆಯ ನೆರಿಗೆ ಕಚ್ಚಿ, ಹೆಜ್ಜೆ ಹೆಜ್ಜೆಯಾಗಿ ಹೆಗಲಿಗೆ ಹತ್ತಿದ. ಹಿಂದೆಯೇ ಬಾಬಿನ್.

“ನೋಡ್ದಾ! ನೋಡ್ದಾ ಸರಸಿ!” ಅನಂತರಾಜು ಕುಣಿದುಬಿಟ್ಟ. ಅವನ ಕಣ್ಣಲ್ಲಿ ನೀರು. “ನಾನು ಮುಟ್ಟಿಲ್ಲ ಈ ಸಲ. ನೀನೇ ಸಾಕ್ಷಿ. ಸುಮ್ಗೆ ಒಂದ್ ವರ್ಸ ನನ್ ಮ್ಯಾಲೆ ಹಲ್ಲು ಕಡುದ್ಯಲ್ಲ!”

ಸರಸಮ್ಮನೂ ಇನ್ನೊಂದು ಗಳಿಗೆಯಲ್ಲಿ ಎಲ್ಲ ಮರೆತೇಬಿಡುತ್ತಿದ್ದಳು. ಆದರೆ ಏನೋ ತೋಚಿ, ಕಾಲರನ್ನು ಎರಡೂ ಕೈಯಲ್ಲಿ ಹಿಡಿದು ಗಾಳಿಗೆ ಮೆಲ್ಲನೆ ಎಸೆದಳು. ಇಡೀ ರೆಕ್ಕೆಯ ಹಕ್ಕಿ ಹೇಗೆಂದರೆ ಹಾಗೆ ಬಡಿದುಕೊಂಡು ಬಂಡೆಯ ಮೇಲೆ ಬಿತ್ತು. ಎದ್ದು, ಮೈ ಕೊಡವಿ, ನಡೆದುಕೊಂಡು ಅವಳ ಪಾದದ ಬಳಿ ಬಂತು. ಅದಕ್ಕೆ ಹಾರುವುದೇ ಗೊತ್ತಿರಲಿಲ್ಲ. ಕಲಿಯುವ ಕಾಲದಲ್ಲಿ ಅದರ ಬಳಿ ರೆಕ್ಕೆಯೇ ಇರಲಿಲ್ಲವಲ್ಲ!

ಅಲ್ಲೇ ಕುಕ್ಕರಿಸಿ ಕೂತಳು. ಪ್ರೀತಿಗೆ ಬಂತೋ, ಬೇರೆ ದಾರಿ ಕಾಣದೆ ಬಂತೋ? ಇನ್ನು ಸಾಯುವವರೆಗೆ ಅವಳಿಗೆ ತಿಳಿಯುವಂತಿಲ್ಲ. ಹೋದ ವರ್ಷ ಬರದ ಅಳು ಈಗ ಬಂತು. ಅನಂತರಾಜು ಬೆನ್ನು ಸವರಲು ಕೈ ಚಾಚಿದ. ಅವಳು ಪಕ್ಕಕ್ಕೆ ಸರಿದಳು.

ಕೆಳಗೆ ಕೆಂಚಯ್ಯ ಹಲ್ಲು ಬಿಟ್ಟುಕೊಂಡು ನಿಂತಿದ್ದ. “ಏನ್ ಸರಸಕ್ಕ, ಈ ಸಲಾನೂ ವಾಪಸ್ಸಾ?”

ಸರಸಮ್ಮ ಪಂಜರವನ್ನು ಅವನ ಟೇಬಲ್ ಮೇಲಿಟ್ಟು, ಎಲ್ಲವನ್ನೂ ಹೇಳಿದಳು. ಕತ್ತರಿ, ಗರಿ, ಸುಳ್ಳಾಣೆ, ಒಂದನ್ನೂ ಬಿಡಲಿಲ್ಲ. ಕೆಂಚಯ್ಯ ಅನಂತರಾಜುವನ್ನು ಮೇಲಿಂದ ಕೆಳಗೆ ನೋಡಿ, “ಥೂ, ಏನಣ್ಣ ನೀನು,” ಎಂದ. ಆಮೇಲೆ ಮೆತ್ತಗೆ, “ಹಿಂಗಿರೋ ಹಕ್ಕಿಗೆ ಒಂದ್ ಕಡೆ ದೊಡ್ಡ ಬಲೆ ಮನೆ ಮಾಡವ್ರೆ ಅಕ್ಕ. ಹಾರೋದು ಕಲೀತವೆ. ಕಲ್ತ ಮ್ಯಾಲೆ ಕಾಡಿಗೆ ಬುಡ್ತಾರೆ. ನಿಮ್ಗೆ ವಾಪಸ್ ಕೊಡಕಿಲ್ಲ,” ಎಂದ.

“ವಾಪಸ್ ಬ್ಯಾಡ. ಕಲೀಲಿ,” ಎಂದಳು ಸರಸಮ್ಮ.

“ಸರಸಿ, ನಿನ್ ಬುಟ್ಟು ಬದುಕಕಿಲ್ಲ ಕಣೆ ಅವು! ನಿನ್ ಮ್ಯಾಲೆ ಪ್ರಾಣಾನೇ ಇಟ್ಕಂಡವೆ,” ಎಂದು ಅನಂತರಾಜು ಗೋಗರೆದ.

“ಇಟ್ಕಂಡಿದ್ವೋ ಏನೋ. ಅದನ್ನ ತಿಳ್ಕಳಕ್ಕೆ ನಂಗಿದ್ದದ್ದು ಒಂದೇ ದಾರಿ. ಅದ್ನೂ ಕತ್ತರ್ಸಿ ಚಿಂದಿ ಚೀಲಕ್ಕೆ ಹಾಕ್ಬುಟ್ರಲ್ಲ.” ಸೊಂಟದಿಂದ ಕಾಜಾ ಕತ್ತರಿ ತೆಗೆದು ಅವನ ಕೈಗಿಟ್ಟಳು. “ತಗಳಿ. ಇನ್ನ ನಿಮ್ದೇ.”

ಅವಳು ಬಸ್ಸು ಹತ್ತಿದಳು. ಅವನು ಮುಂದೆ ಪಂಜರವಿಲ್ಲದ, ಹಿಂದೆ ಹೆಂಡತಿಯಿಲ್ಲದ ಟಿವಿಎಸ್‌ನಲ್ಲಿ ಬಸ್ಸಿನ ಹೊಗೆ ಕುಡಿಯುತ್ತ ಬಂದ.

ಸರಸಮ್ಮ ಗಂಡನನ್ನು ಬಿಟ್ಟೇನೂ ಹೋಗಲಿಲ್ಲ. ಮಾರನೆ ದಿನ ಎಂದಿನಂತೆ ಬಾಗಿಲ ಬಳಿ ಚಾಪೆ ಹಾಕಿಕೊಂಡು ಕಾಜಾ ಹಾಕುತ್ತ ಕೂತಳು. ಬೀದಿಯ ಬಾಗಿಲು ಹಾರುಹೊಡೆದಿತ್ತು. ಅನಂತರಾಜು ಮಿಷನ್ ನಿಲ್ಲಿಸಿ ಬಾಗಿಲನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

“ಸರಸಿ, ನೀನು ಮನಸಿಟ್ಟೇ ಇದ್ದೀಯ ಅಲ್ವಾ ಈ ಮನೇಲಿ?”

ಅವಳು ದಾರವನ್ನು ಹಲ್ಲಲ್ಲಿ ಕಡಿದು, ರವಿಕೆಯನ್ನು ಅವನ ಕಡೆ ಚಾಚಿದಳು.

“ಕಾಜಾ ಆಯ್ತು. ತಗಳಿ.”