ಅಕ್ಕನ ನಿದ್ದೆಗೆ ತೆಗೆದ ದೃಷ್ಟಿ

ನಾನು ಅಕ್ಕ ಎಂದು ಕರೆಯುವ ನನ್ನ ಓರಗಿತ್ತಿಯ ಸೀರೆ, ಸರ ಯಾವುದರ ಮೇಲೂ ನನಗೆ ಆಸೆಯಿರಲಿಲ್ಲ. ನಾನು ಹೊಟ್ಟೆ ಉರಿದುಕೊಂಡದ್ದು ಅವಳ ನಿದ್ದೆಗೆ. ಯಲಹಂಕದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಅತ್ತೆ, ಅಕ್ಕ, ನಾನು ಮೂವರೂ ನಡುಮನೆಯಲ್ಲಿ ಚಾಪೆ ಹಾಸುತ್ತೇವೆ. ಅಕ್ಕ ತಲೆ ಇಟ್ಟಳೆಂದರೆ ಮುಗಿಯಿತು, ಗೊರಕೆ ಶುರು. ನಾನು ವಿಮಾನಗಳ ಸದ್ದು ಕೇಳುತ್ತಾ ಹೊರಳಾಡುತ್ತಿದ್ದೆ.

"ದೊಡ್ಡೋಳ ಮನಸಲ್ಲಿ ಕಲ್ಮಶ ಇಲ್ಲ, ಅದ್ಕೇ ಇಂಗೆ ನಿದ್ದೆ. ಚಿಂತೆ ಇಲ್ದೋನಿಗೆ ಸಂತೇಲೂ ನಿದ್ದೆ" ಎನ್ನುವರು ಅತ್ತೆ. ಹಾಗಾದರೆ ಕಲ್ಮಶ ಯಾರದು? ನಿದ್ದೆ ಬಾರದೆ ಎದ್ದು ಕೂತಿರುತ್ತಿದ್ದವಳು ನಾನೊಬ್ಬಳೇ.

ಎಚ್ಚರವಿದ್ದವರಿಗೆ ಮಾತ್ರ ಕಾಣುವ ಸಂಗತಿಯೊಂದಿತ್ತು. ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಅಕ್ಕನ ಉಸಿರೇ ನಿಂತುಬಿಡುತ್ತಿತ್ತು. ಆಮೇಲೆ ನೀರಲ್ಲಿ ಮುಳುಗಿ ಎದ್ದವರ ಹಾಗೆ ಒಮ್ಮೆಲೇ ಎಳೆದುಕೊಳ್ಳುತ್ತಿದ್ದಳು. ಒಂದು ದಿನ ಅತ್ತೆಗೆ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಂಜೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಅಕ್ಕನಿಗೆ ದೃಷ್ಟಿ ತೆಗೆದರು. ನಿದ್ದೆಗೆ ದೃಷ್ಟಿ! ಕೆಂಡಕ್ಕೆ ಹಾಕಿದ ಮೆಣಸಿನಕಾಯಿ ಘಾಟು ಬರಲಿಲ್ಲ. "ನೋಡಿ, ಎಂಥಾ ಕಣ್ಣು ಬಿದ್ದಿತ್ತು" ಎಂದರು. ಯಾರ ಕಣ್ಣೆಂದು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಅಂದಿನಿಂದ ನನ್ನ ಬಾಯಿಗೆ ಬೀಗ. ಅಕ್ಕನ ಉಸಿರು ನಿಂತಾಗ, ಸದ್ಯ ಮನೆ ತಣ್ಣಗಾಯಿತು ಎಂದು ಕಣ್ಣು ಮುಚ್ಚುತ್ತಿದ್ದೆ.

ಈ ವರ್ಷ ಅಕ್ಕನ ಎಡಗಾಲು ಊದಿಕೊಂಡಿತು. ನಾವು ಬಾಡಿಗೆಗೆ ಕೊಟ್ಟ ಮೇಲಿನ ಮನೆಗಳ ಮೆಟ್ಟಿಲು ಹತ್ತಿ ಇಳಿದು ಹಾಗಾಗಿದೆ ಎಂದುಕೊಂಡೆವು. ಎರಡೇ ದಿನಕ್ಕೆ ಏದುಸಿರು, ಎದೆನೋವು. ಹೆಬ್ಬಾಳದ ಆಸ್ಪತ್ರೆಯಲ್ಲಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಅದರ ಚೂರು ಶ್ವಾಸಕೋಶಕ್ಕೆ ಹೋಗಿದೆ ಎಂದರು. ಡಾಕ್ಟರು ಏನೇನೋ ವಿಚಾರಿಸಿ, ನಿದ್ದೆ ಹೇಗೆ ಎಂದು ಕೇಳಿದರು.

"ನಿದ್ದೇಲಿ ಅವ್ಳನ್ನ ಬಿಟ್ರೆ ಇನ್ನೊಬ್ರಿಲ್ಲ ಸ್ವಾಮಿ" ಎಂದರು ಅತ್ತೆ.

ನನಗೆ ತಡೆಯಲಾಗಲಿಲ್ಲ. "ಮಧ್ಯೆ ಉಸಿರೇ ನಿಲ್ಲುತ್ತೆ ಸಾರ್. ದಿನಾ ನೋಡ್ತೀನಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಹಂಗೆ ಉಸಿರು ನಿಂತಾಗೆಲ್ಲ ಮೈಯಲ್ಲಿ ಆಕ್ಸಿಜನ್ ಇಳಿಯುತ್ತಮ್ಮ. ಅಂಥೋರಿಗೆ ರಕ್ತ ಹೆಪ್ಪುಗಟ್ಟೋ ಅಪಾಯ ಜಾಸ್ತಿ. ಇದೊಂದರಿಂದ್ಲೇ ಆಯ್ತು ಅನ್ನಕ್ಕಾಗಲ್ಲ, ಆದ್ರೆ ಬಿಡೋ ಹಂಗೂ ಇಲ್ಲ." ಅತ್ತೆ ನೆಲ ನೋಡಿದರು. ಆ ಗಳಿಗೆಯಲ್ಲೂ ನನಗೆ ಗೆದ್ದಷ್ಟು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅಕ್ಕ ಬದುಕಿ ಬಂದಳು. ಈಗ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ, ಮಲಗುವಾಗ ಮೂಗಿಗೆ ಗಾಳಿ ಒತ್ತುವ ಮಷೀನು. ಮನೆಗೆ ಬಂದ ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡಳು.

"ನಿಂಗೆ ನಿದ್ದೆ ಬರ್ದೇ ಇದ್ದಿದ್ದು ನನ್ ಪುಣ್ಯ ಕಣೇ. ಇಲ್ದಿದ್ರೆ ಯಾರ್ ನೋಡ್ತಿದ್ರು?"

ಉಸಿರು ನಿಂತಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದುದನ್ನು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮಾಸ್ಕ್ ಹಾಕಿಕೊಂಡು ನಿದ್ದೆ ಹೋಗಿದ್ದಳು. ಗೊರಕೆಯಿಲ್ಲ, ಎದೆ ಒಂದೇ ಸಮ ಏಳುತ್ತಿತ್ತು, ಇಳಿಯುತ್ತಿತ್ತು. ನಾನು ಗೋಡೆಗೆ ಒರಗಿ ನೋಡುತ್ತಾ ಕೂತೆ. ಹೊಟ್ಟೆ ಉರಿಯದೆ ಇರಲಿಲ್ಲ.